ಮದುವೆ ಡಿವಿಡಿ ಕಾಪಿ ಮಾಡಲು ಯಾವ ಸಾಫ್ಟ್‌ವೇರ್ ಕೊಳ್ಳಬೇಕು?

ಪ್ರಶ್ನೆ: ನಮ್ಮ ಮದುವೆ ಆಗಿದ್ದು 2007ರಲ್ಲಿ. ಸ್ಟುಡಿಯೊದವರು ಕೊಟ್ಟ ಮೂರು ಡಿವಿಡಿ ಇವೆ. ಅಕ್ಕನ ಮದುವೆ ಅದಕ್ಕಿಂತ ಹಳೆಯದು, ವಿಸಿಡಿಯಲ್ಲಿದೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳೂ ಒಂದಷ್ಟಿವೆ. ಹೊಸ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವೇ ಇಲ್ಲ. ಹಳೇ ಪ್ಲೇಯರಿನಲ್ಲಿ ಹಾಕಿದರೆ ಎರಡನೇ ಡಿವಿಡಿ ಸರಿಯಾಗಿ ಧಾರೆಯ ಹೊತ್ತಿಗೆ ನಿಂತುಬಿಡುತ್ತದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ‘ಒಂದೇ ಕ್ಲಿಕ್ಕಿನಲ್ಲಿ ಡಿವಿಡಿ ಕಾಪಿ’ ಎನ್ನುವ ಸಾಫ್ಟ್‌ವೇರುಗಳು ಸಾಲುಗಟ್ಟಿವೆ. ಒಂದಕ್ಕೆ ಮೂರೂವರೆ ಸಾವಿರ ರೂಪಾಯಿ, ಕೆಟ್ಟ ಡಿಸ್ಕನ್ನೂ ಓದುತ್ತದಂತೆ. ಕೊಳ್ಳಬಹುದೇ? ಅಮೆರಿಕದಲ್ಲಿರುವ ಅಕ್ಕನಿಗೂ ಒಂದು ಕಾಪಿ ಕಳಿಸಬೇಕು.

ಉತ್ತರ: ಕೊಳ್ಳಬೇಡಿ. ಆ ದುಡ್ಡಿನಲ್ಲಿ ಯುಎಸ್‌ಬಿಗೆ ಚುಚ್ಚುವ ಒಂದು ಡಿವಿಡಿ ಡ್ರೈವ್ ತನ್ನಿ. ಎರಡು ಸಾವಿರದ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ಉಳಿದ ಹಣ ಒಂದು ಪೆನ್‌ಡ್ರೈವಿಗಾಯಿತು. ನಿಮಗೆ ಬೇಕಾದ ಸಾಫ್ಟ್‌ವೇರ್ ಎಲ್ಲ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಅಂದರೆ ಕಳಪೆ ಅಂತಲೂ ಅಲ್ಲ. ಈ ಕೆಲಸದಲ್ಲಿ ಹಳಬರು ನೆಚ್ಚಿಕೊಂಡಿರುವುದೇ ಇವನ್ನು.

ಡ್ರೈವ್ ತಂದಾಗ ಒಂದು ವಿಷಯ ಗಮನಿಸಿ. ಅದನ್ನು ಯುಎಸ್‌ಬಿ ಹಬ್ಬಿಗೆ ಹಾಕದೆ ನೇರ ಲ್ಯಾಪ್‌ಟಾಪಿಗೇ ಹಾಕಿ. ಕೆಲವು ಡ್ರೈವುಗಳ ಕೇಬಲ್ಲಿಗೆ ಎರಡು ತಲೆ ಇರುತ್ತವೆ, ಎರಡನ್ನೂ ಚುಚ್ಚಿ. ಕರೆಂಟು ಸಾಲದೆ ಡಿಸ್ಕ್ ತಿರುಗಿ ತಿರುಗಿ ನಿಂತರೆ ಜನ ಡಿಸ್ಕೇ ಹಾಳಾಗಿದೆ ಅಂದುಕೊಂಡು ಕೈಬಿಡುತ್ತಾರೆ. ಇನ್ನೊಂದು ಮಾತು: ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ತೋರಿಸುವ ಸೌಲಭ್ಯ ವಿಂಡೋಸ್ ಜೊತೆಗೇ ಬರುವುದಿಲ್ಲ. ಡಿಸ್ಕ್ ಹಾಕಿದ ಕೂಡಲೇ ಏನೂ ಆಗಲಿಲ್ಲವೆಂದು ಗಾಬರಿ ಬೇಡ. ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ, ಅದು ತೋರಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ‘ಡಿವಿಡಿ ಕಾಪಿ’ ಅಂತ ನಾವು ಒಂದೇ ಉಸಿರಿಗೆ ಹೇಳುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಡಿಸ್ಕಿನಲ್ಲಿ ಇರುವುದನ್ನು ಇದ್ದ ಹಾಗೇ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಒಂದು. ಇಳಿಸಿದ್ದನ್ನು ಟಿವಿಯಲ್ಲೋ ಮೊಬೈಲಿನಲ್ಲೋ ನೋಡುವುದಕ್ಕೆ ಬೇರೆ ರೂಪಕ್ಕೆ ತರುವುದು ಇನ್ನೊಂದು. ಒಂದೇ ಕ್ಲಿಕ್ಕಿನ ಸಾಫ್ಟ್‌ವೇರುಗಳು ಇವೆರಡನ್ನೂ ಒಟ್ಟಿಗೆ ಮಾಡಿ, ಎರಡನೆಯದರ ಫಲವನ್ನು ಮಾತ್ರ ನಿಮ್ಮ ಕೈಗೆ ಕೊಡುತ್ತವೆ. ಇವತ್ತು ಎಂಪಿ4 ಮಾಡಿ ಡಿಸ್ಕನ್ನು ಮತ್ತೆ ಬೀರುವಿಗೆ ಸೇರಿಸಿದಿರಿ ಅನ್ನಿ. ಆರು ತಿಂಗಳ ಮೇಲೆ ನೋಡಿದರೆ ಚಿತ್ರ ಅಗಲಕ್ಕೆ ಎಳೆದುಕೊಂಡಿರುತ್ತದೆ, ಇಲ್ಲವೇ ಆರತಕ್ಷತೆಯ ಭಾಗವೇ ಬಂದಿರುವುದಿಲ್ಲ. ಮತ್ತೆ ಮಾಡೋಣವೆಂದರೆ ಡಿಸ್ಕ್ ಓದುವುದಿಲ್ಲ. ಮನೆಯಲ್ಲೋ ಸ್ಟುಡಿಯೊದಲ್ಲೋ ಬರೆದ ಡಿವಿಡಿಗಳಲ್ಲಿ ಮಾಹಿತಿ ಕೂತಿರುವುದು ಬಣ್ಣದ ಒಂದು ತೆಳು ಪದರದ ಮೇಲೆ. ಬಿಸಿಲು, ಸೆಖೆ, ತೇವಕ್ಕೆ ಆ ಪದರ ಕೆಡುತ್ತಾ ಹೋಗುತ್ತದೆ. 2007ರ ಡಿಸ್ಕಿಗೆ ಇನ್ನು ಎಷ್ಟು ದಿನವೆಂದು ಯಾರೂ ಹೇಳಲಾರರು. ಆದ್ದರಿಂದ ಮೊದಲು ಡಿಸ್ಕಿನ ಪೂರ್ತಿ ನಕಲು ಒಂದು ಫೈಲಿನಲ್ಲಿ ತೆಗೆಯಿರಿ. ಇದಕ್ಕೆ ಐಎಸ್‌ಒ ಇಮೇಜ್ ಅಂತಾರೆ. ಅದೊಂದು ಕೈಯಲ್ಲಿದ್ದರೆ ಎಂಪಿ4 ಇವತ್ತು ಮಾಡಿ, ಮುಂದಿನ ವರ್ಷ ಮಾಡಿ, ಚೆನ್ನಾಗಿ ಬರಲಿಲ್ಲವೆಂದರೆ ಅಳಿಸಿ ಮತ್ತೆ ಮಾಡಿ. ಡಿಸ್ಕಿನ ಹಂಗೇ ಇರುವುದಿಲ್ಲ.

ಸುಮ್ನೆ ಡಿಸ್ಕ್ ತೆರೆದು ಕಾಪಿ, ಪೇಸ್ಟ್ ಮಾಡಿದರೆ ಆಗಲ್ವಾ ಅಂತ ಕೇಳಬಹುದು. ಮದುವೆ ಡಿವಿಡಿಗೆ ಕಾಪಿ ತಡೆಯುವ ಬೀಗ ಹಾಕಿರುವುದಿಲ್ಲವಾದ್ದರಿಂದ ಅರ್ಧಮರ್ಧ ಆಗುತ್ತದೆ. ಡಿಸ್ಕಿನಲ್ಲಿ ‘ವಿಡಿಯೊ ಟಿಎಸ್’ ಅನ್ನುವ ಫೋಲ್ಡರ್ ಇರುತ್ತದೆ. ಅದರೊಳಗೆ ವಿಒಬಿ ಎಂದು ಕೊನೆಯಾಗುವ ದೊಡ್ಡ ಫೈಲುಗಳು, ಐಎಫ್‌ಒ ಎಂದು ಕೊನೆಯಾಗುವ ಸಣ್ಣ ಫೈಲುಗಳು. ಜನ ದೊಡ್ಡವನ್ನು ಮಾತ್ರ ಎತ್ತಿಕೊಂಡು ಸಣ್ಣವನ್ನು ಕಸವೆಂದು ಬಿಡುತ್ತಾರೆ. ಆದರೆ ಯಾವ ಭಾಗ ಎಲ್ಲಿ ಶುರು, ಮೆನು ಒತ್ತಿದರೆ ಎಲ್ಲಿಗೆ ಹೋಗಬೇಕು ಅನ್ನುವ ಲೆಕ್ಕವೆಲ್ಲ ಇರುವುದು ಆ ಸಣ್ಣ ಫೈಲುಗಳಲ್ಲೇ. ಡಿವಿಡಿ ನಿಯಮದಲ್ಲಿ ಒಂದು ವಿಒಬಿ ಫೈಲು 1 ಜಿಬಿ ದಾಟುವಂತಿಲ್ಲ. ಹಾಗಾಗಿ ಎರಡು ಗಂಟೆಯ ವಿಡಿಯೊವನ್ನು ನಾಲ್ಕೈದು ತುಂಡಾಗಿ ಇಟ್ಟಿರುತ್ತಾರೆ, ಪುರೋಹಿತರ ಮಂತ್ರ ಅರ್ಧಕ್ಕೇ ಕತ್ತರಿಸಿರುತ್ತದೆ. ಇಡೀ ಫೋಲ್ಡರನ್ನು ಒಟ್ಟಿಗೆ ಕಾಪಿ ಮಾಡಿದರೆ ವಿಎಲ್‌ಸಿಯಲ್ಲಿ ಚೆನ್ನಾಗಿಯೇ ಓಡುತ್ತದೆ, ಅದು ನಿಜ. ತೊಂದರೆ ಏನೆಂದರೆ ಡಿಸ್ಕಿನಲ್ಲಿ ಒಂದೇ ಒಂದು ಕಡೆ ಓದಲಾಗದಿದ್ದರೂ ವಿಂಡೋಸ್ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂದು ಏನೋ ಹೇಳಿ ಇಡೀ ಫೈಲನ್ನೇ ಕೈಬಿಡುತ್ತದೆ.

ವಿಂಡೋಸಿನಲ್ಲಿ ಇಮೇಜ್ ತೆಗೆಯಲು ನಾನು ಹೇಳುವುದು ಐಎಂಜಿಬರ್ನ್. ಐ, ಎಂ, ಜಿ ಅಕ್ಷರ ಬರೆದು ಮುಂದೆ ಬರ್ನ್ ಸೇರಿಸಿ ಹುಡುಕಿ. ಕೊನೆಯ ಆವೃತ್ತಿ 2.5.8 ಬಂದಿದ್ದು 2013ರಲ್ಲಿ. ಹಳೆಯದಾಯಿತಲ್ಲ ಅನ್ನಬೇಡಿ. ಡಿವಿಡಿಯೂ ಅಲ್ಲಿಂದ ಬದಲಾಗಿಲ್ಲ, ವಿಂಡೋಸ್ 11ರಲ್ಲೂ ಇದು ಓಡುತ್ತದೆ. ಇದರ ಇನ್‌ಸ್ಟಾಲರ್ ಜೊತೆ ಬೇಡದ ಜಾಹೀರಾತು ತಂತ್ರಾಂಶ ಸೇರಿಕೊಂಡು ಬರುತ್ತಿತ್ತು ಅನ್ನುವುದು ಹಳೆಯ ದೂರು. ಅದಕ್ಕೇ ಪ್ರತಿ ಪುಟ ಓದಿ, ಬೇಡದ ಟಿಕ್ ತೆಗೆದು, ಆಮೇಲೆ ಮುಂದಕ್ಕೆ ಒತ್ತಿ. ತೆರೆದಾಗ ‘ಕ್ರಿಯೇಟ್ ಇಮೇಜ್ ಫೈಲ್ ಫ್ರಮ್ ಡಿಸ್ಕ್’ ಅನ್ನುವುದನ್ನು ಆರಿಸಿ. ವೇಗವನ್ನು 4ಎಕ್ಸ್‌ಗೆ ಇಳಿಸಿ. ತುಂಬಿದ ಡಿಸ್ಕಿಗೆ ಕಾಲು ಗಂಟೆ ಹಿಡಿಯುತ್ತದೆ. ಅವಸರವೇನಿದೆ? ಹಳೇ ಡಿಸ್ಕುಗಳು ನಿಧಾನವಾಗಿ ತಿರುಗಿದಾಗಲೇ ಚೆನ್ನಾಗಿ ಓದಿಸಿಕೊಳ್ಳುವುದು ಜಾಸ್ತಿ.

ಮ್ಯಾಕ್ ಇದ್ದವರಿಗೆ ಬೇರೆ ಸಾಫ್ಟ್‌ವೇರೇ ಬೇಡ, ಅದರ ಡಿಸ್ಕ್ ಯುಟಿಲಿಟಿ ಸಾಕು. ಲಿನಕ್ಸ್‌ನವರು ಕೆ3ಬಿ ಅಥವಾ ಬ್ರಸೇರೊ ಬಳಸಬಹುದು.

ಫೈಲಿನ ಗಾತ್ರ ನೋಡಿ ಗೊಂದಲ ಆಗುವುದುಂಟು. ಡಿಸ್ಕಿನ ಮೇಲೆ 4.7 ಜಿಬಿ ಎಂದಿರುತ್ತದೆ, ವಿಂಡೋಸ್ ಮಾತ್ರ ತುಂಬಿದ ಡಿಸ್ಕಿಗೂ 4.37 ಅಷ್ಟೇ ತೋರಿಸುತ್ತದೆ. ಏನೂ ಕಳೆದುಹೋಗಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಗುಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಐಎಸ್‌ಒ ಬಂದ ಮೇಲೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ವಿಂಡೋಸ್ 10 ಮತ್ತು 11ರಲ್ಲಿ ಅದು ಡಿಸ್ಕೇ ಹಾಕಿದಂತೆ ಹೊಸ ಡ್ರೈವಾಗಿ ಕಾಣಿಸಿಕೊಳ್ಳುತ್ತದೆ. ವಿಎಲ್‌ಸಿಯಲ್ಲಿ ಹಾಕಿ ಮೆನು, ಹಾಡು, ಊಟದ ಪಂಕ್ತಿ ಎಲ್ಲ ಬಂತೇ ನೋಡಿ. ಕೊನೆಯ ಹತ್ತು ನಿಮಿಷ ತಪ್ಪದೇ ನೋಡಿ. ಡಿವಿಡಿಯನ್ನು ಬರೆಯುವುದು ಒಳಗಿನ ಸುತ್ತಿನಿಂದ ಹೊರಕ್ಕೆ, ಅಂದರೆ ವಿಡಿಯೊದ ಕೊನೆ ಇರುವುದು ಡಿಸ್ಕಿನ ಅಂಚಿನಲ್ಲಿ. ಎಲ್ಲರೂ ಕೈಯಿಟ್ಟು ಹಿಡಿಯುವುದು ಅಲ್ಲೇ. ಮೊದಲ ಅರ್ಧ ಗಂಟೆ ಚೆನ್ನಾಗಿದೆ ಎಂದು ಮುಗಿಸಿದವರಿಗೆ ಕೈಕೊಡುವುದೂ ಅಲ್ಲೇ.

ಇನ್ನು ನಿಮ್ಮ ಎರಡನೇ ಡಿಸ್ಕು. ‘ಕೆಟ್ಟ ಡಿಸ್ಕನ್ನೂ ಓದುತ್ತೇವೆ’ ಅನ್ನುವ ಜಾಹೀರಾತನ್ನು ನಂಬಬೇಡಿ. ಓದುವುದು ಡ್ರೈವಿನ ಲೇಸರ್ ಕಣ್ಣು. ಅದಕ್ಕೆ ಕಾಣದ್ದನ್ನು ಯಾವ ಸಾಫ್ಟ್‌ವೇರೂ ಹುಟ್ಟಿಸಲಾರದು. ಸಾಫ್ಟ್‌ವೇರ್ ಮಾಡಬಹುದಾದದ್ದು ಇಷ್ಟೇ: ಮತ್ತೆ ಮತ್ತೆ ಕೇಳುವುದು, ಸಿಗದಿದ್ದರೆ ಆ ಜಾಗ ಬಿಟ್ಟು ಮುಂದಕ್ಕೆ ಹೋಗುವುದು.

ಮೊದಲು ಡಿಸ್ಕ್ ಒರೆಸಿ. ಒಗೆದು ಮೆತ್ತಗಾದ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಜಿಡ್ಡಿದ್ದರೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಒರೆಸಿ, ಗುಂಡಗೆ ತಿಕ್ಕಬೇಡಿ. ಕಾರಣ ಇದೆ. ಮಾಹಿತಿ ಇರುವುದು ಸುತ್ತುಸುತ್ತಾಗಿ. ಅಡ್ಡಕ್ಕೆ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಜಾಗ ಕೆಡಿಸುತ್ತದೆ. ಅಷ್ಟನ್ನು ತುಂಬಿಕೊಳ್ಳಲು ಡಿವಿಡಿಯಲ್ಲಿ ಹೆಚ್ಚುವರಿ ಲೆಕ್ಕ ಬರೆದಿಟ್ಟಿರುತ್ತಾರೆ. ಸುತ್ತಿನ ಗುಂಟವೇ ಗೀರಾದರೆ ಒಂದೇ ಕಡೆ ಉದ್ದಕ್ಕೂ ಹೋಗಿಬಿಡುತ್ತದೆ, ಆ ಲೆಕ್ಕ ಸಾಲುವುದಿಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇರೆ ದಾರಿಯೆಲ್ಲ ಮುಗಿಯುವ ತನಕ ಅದನ್ನು ದೂರವಿಡಿ.

ಆಮೇಲೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಮನೆಯ ಅಟ್ಟದಲ್ಲೋ ಪರಿಚಯದವರ ಅಂಗಡಿಯಲ್ಲೋ ಹಳೇ ಡೆಸ್ಕ್‌ಟಾಪ್ ಇದ್ದೇ ಇರುತ್ತದೆ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುವುದು ಮಾಮೂಲು.

ಅಲ್ಲೂ ಆಗದಿದ್ದರೆ ಡಿಡಿರೆಸ್ಕ್ಯೂ ಅನ್ನುವ ಒಂದು ಸಾಧನ ಇದೆ. ಕೆಟ್ಟ ಡಿಸ್ಕುಗಳ ವಿಷಯಕ್ಕೆ ಬಂದರೆ ನನ್ನ ಪ್ರಕಾರ ಇದಕ್ಕೆ ಸಾಟಿ ಇಲ್ಲ. ಲಿನಕ್ಸಿನದು, ಪುಕ್ಕಟೆ. ಉಬುಂಟು ಅನ್ನುವ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ ಅಲ್ಲಿಂದಲೇ ಕಂಪ್ಯೂಟರ್ ಶುರು ಮಾಡಿದರೆ ಆಯಿತು, ನಿಮ್ಮ ವಿಂಡೋಸಿಗೆ ಏನೂ ಆಗುವುದಿಲ್ಲ. ಬಟನ್ನುಗಳಿಲ್ಲ, ಕಮಾಂಡ್ ಟೈಪ್ ಮಾಡಬೇಕು, ಹಾಗಾಗಿ ಗೊತ್ತಿರುವ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸೆಕ್ಟರ್ ಗಾತ್ರ, ಅಂದರೆ ಡಿಸ್ಕಿನಲ್ಲಿ ಮಾಹಿತಿ ಕೂತಿರುವ ಒಂದೊಂದು ತುಣುಕಿನ ಅಳತೆ, 2048 ಎಂದು ಕೊಡುವುದನ್ನು ಅವರಿಗೆ ನೆನಪಿಸಿ, ತಾನಾಗಿ ಅದು 512 ಎಂದುಕೊಳ್ಳುತ್ತದೆ. ಇದರ ಕ್ರಮ ಹೀಗೆ: ಸುಲಭವಾಗಿ ಓದಿಸಿಕೊಳ್ಳುವ ಜಾಗಗಳನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ತೊಂದರೆ ಕೊಡುವ ಜಾಗಗಳನ್ನು ಒಂದು ಪಟ್ಟಿಯಲ್ಲಿ ಗುರುತು ಹಾಕಿಕೊಂಡು ದಾಟುತ್ತದೆ. ಕೊನೆಗೆ ಅವಕ್ಕೆ ಒಂದೊಂದಾಗಿ ಮರಳುತ್ತದೆ. ಆ ಪಟ್ಟಿಯ ಫೈಲನ್ನು ಉಳಿಸಿಕೊಂಡರೆ ಕೆಲಸ ನಿಲ್ಲಿಸಿ ನಾಳೆ ಮುಂದುವರಿಸಬಹುದು. ಅಷ್ಟೇ ಅಲ್ಲ, ಅದೇ ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿ ಬಾಕಿ ಉಳಿದ ಜಾಗಗಳನ್ನು ಮಾತ್ರ ಓದಿಸಬಹುದು. ಎರಡು ಡ್ರೈವುಗಳು ಎಡವುವುದು ಒಂದೇ ಜಾಗದಲ್ಲಿ ಅಲ್ಲವಾದ್ದರಿಂದ ಅಂತರ ತುಂಬುತ್ತಾ ಬರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ಮಾತು ಕೇಳುತ್ತೇನೆ. ಬೀಗರ ಮನೆಯಲ್ಲಿ ಇನ್ನೊಂದು ಸೆಟ್ ಇಲ್ಲವೇ? ಸ್ಟುಡಿಯೊದವರು ಸಾಮಾನ್ಯವಾಗಿ ಹೆಣ್ಣಿನ ಕಡೆಗೊಂದು, ಗಂಡಿನ ಕಡೆಗೊಂದು ಕೊಡುತ್ತಿದ್ದರು. ಅದು ಚೆನ್ನಾಗಿದ್ದರೆ ಇಷ್ಟೆಲ್ಲ ಸರ್ಕಸ್ಸೇ ಬೇಡ. ಅದೂ ಕೆಟ್ಟಿದ್ದರೂ ತನ್ನಿ. ಎರಡನ್ನೂ ಒಂದೇ ಮಾಸ್ಟರಿನಿಂದ ಬರೆದಿದ್ದರೆ ಒಟ್ಟು ಗಾತ್ರ ಬೈಟಿಗೆ ಬೈಟು ಒಂದೇ ಇರುತ್ತದೆ. ಆಗ ನಿಮ್ಮ ಡಿಸ್ಕಿನಲ್ಲಿ ಸಿಗದ ಜಾಗಗಳನ್ನು ಅವರ ಡಿಸ್ಕಿನಿಂದ ಡಿಡಿರೆಸ್ಕ್ಯೂ ತುಂಬಿಕೊಳ್ಳುತ್ತದೆ. ಸ್ಟುಡಿಯೊ ಇನ್ನೂ ನಡೆಯುತ್ತಿದ್ದರೆ ಅಲ್ಲೂ ಒಮ್ಮೆ ವಿಚಾರಿಸಿ. ಮದುವೆ ಚಿತ್ರಿಸಿದ ಮೂಲ ಟೇಪನ್ನು ಅಳಿಸಿ ಮತ್ತೆ ಬಳಸದೆ ಇಟ್ಟಿದ್ದರೆ ನಿಮ್ಮ ಪುಣ್ಯ.

ಎಲ್ಲ ಮಾಡಿಯೂ ಒಂದೆರಡು ಕಡೆ ಓದದೆ ಉಳಿದರೆ ಬೇಸರ ಬೇಡ. ಡಿವಿಡಿಯಲ್ಲಿ ದೋಷ ತಿದ್ದುವುದು 32 ಕಿಲೋಬೈಟಿನ ಕಟ್ಟುಗಳಲ್ಲಿ. ಒಂದು ಕಟ್ಟು ಪೂರ್ತಿ ಹೋದರೂ ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ವಿಡಿಯೊ. ಡಿವಿಡಿಯ ಚಿತ್ರಗಳು ಒಂದನ್ನೊಂದು ಅವಲಂಬಿಸಿರುತ್ತವಾದ್ದರಿಂದ ಮುಂದಿನ ಪೂರ್ಣ ಚಿತ್ರ ಬರುವ ತನಕ, ಅಂದರೆ ಸುಮಾರು ಅರ್ಧ ಸೆಕೆಂಡು, ಚೌಕಚೌಕವಾಗಿ ಕಾಣಿಸುತ್ತದೆ. ಪ್ಲೇಯರು ಅದೇ ಜಾಗದಲ್ಲಿ ಸಿಕ್ಕಿಕೊಂಡು ಮುಂದಕ್ಕೆ ಹೋಗದೆ ನಿಲ್ಲುತ್ತಿತ್ತು. ಫೈಲಾದ ಮೇಲೆ ವಿಎಲ್‌ಸಿ ದಾಟಿಕೊಂಡು ಹೋಗುತ್ತದೆ. ಧಾರೆ ನೋಡಬಹುದು.

ಕೆಲವರಿಗೆ ಇನ್ನೊಂದು ಥರದ ತೊಂದರೆ ಬರುತ್ತದೆ: ಡಿಸ್ಕಿನಲ್ಲಿ ಬರೆದ ಗುರುತು ಕಣ್ಣಿಗೇ ಕಾಣುತ್ತದೆ, ಕಂಪ್ಯೂಟರ್ ಮಾತ್ರ ಖಾಲಿ ಅನ್ನುತ್ತದೆ. ಟಿವಿ ಪಕ್ಕ ಇಡುತ್ತಿದ್ದ ಡಿವಿಡಿ ರೆಕಾರ್ಡರಿನಲ್ಲಿ ಬರೆದು, ಕೊನೆಯಲ್ಲಿ ಡಿಸ್ಕನ್ನು ಮುಗಿಸುವ ‘ಫೈನಲೈಸ್’ ಹಂತ ಮಾಡದೇ ಬಿಟ್ಟ ಡಿಸ್ಕುಗಳು ಹೀಗಾಡುತ್ತವೆ. ಅಂಥವಕ್ಕೆ ಐಸೋಬಸ್ಟರ್ ಅನ್ನುವುದಿದೆ. ಫೈಲು ಹೊರಗೆ ತೆಗೆಯಲು ದುಡ್ಡು ಕೇಳುತ್ತದೆ, ಆದರೆ ಏನೇನು ಸಿಕ್ಕಿದೆ ಎಂದು ಮೊದಲೇ ತೋರಿಸುತ್ತದೆ. ಈ ಇಡೀ ವಿಷಯದಲ್ಲಿ ದುಡ್ಡು ಕೊಡುವುದು ನ್ಯಾಯ ಅನ್ನಿಸುವ ಜಾಗ ನನಗೆ ಇದೊಂದೇ.

ಅಕ್ಕನ ವಿಸಿಡಿಗೆ ದಾರಿ ಬೇರೆ. ಮೊದಲು ಡಿಸ್ಕಿನ ಮೇಲ್ಮೈಗೆ, ಅಂದರೆ ಹೆಸರು ಬರೆದಿರುವ ಕಡೆಗೆ, ಹುಷಾರಾಗಿರಿ. ಡಿವಿಡಿಯಲ್ಲಿ ಮಾಹಿತಿಯ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತದೆ. ಸಿಡಿ, ವಿಸಿಡಿಗಳಲ್ಲಿ ಅದು ಲೇಬಲ್ಲಿನ ಕೆಳಗೇ, ತೆಳುವಾದ ಲೇಪದ ಅಡಿಯಲ್ಲಿ. ಅಲ್ಲಿ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೂ ಸಾಕು, ಅಂಟಿದ ಸ್ಟಿಕ್ಕರ್ ಕಿತ್ತರೂ ಸಾಕು, ಪದರವೇ ಎದ್ದುಬರಬಹುದು. ಎರಡನೆಯದಾಗಿ, ವಿಸಿಡಿಯಿಂದ ಐಎಸ್‌ಒ ತೆಗೆಯಲು ಹೋಗಬೇಡಿ. ವಿಸಿಡಿಯಲ್ಲಿ ವಿಡಿಯೊ ತುಂಬುವ ಸೆಕ್ಟರುಗಳ ಅಳತೆಯೇ ಬೇರೆ, ಅದು ಐಎಸ್‌ಒದಲ್ಲಿ ಕೂರುವುದಿಲ್ಲ. ಐಎಂಜಿಬರ್ನ್ ಇದನ್ನು ಕಂಡುಕೊಂಡು ಬಿನ್ ಮತ್ತು ಕ್ಯೂ ಅನ್ನುವ ಎರಡು ಫೈಲು ಮಾಡುತ್ತದೆ. ಎರಡನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ನೋಡುವುದಕ್ಕೆ ಡಿಸ್ಕಿನ ಎಂಪೆಗ್‌ಎವಿ ಫೋಲ್ಡರಿನ ಒಳಗಿನ ಡಿಎಟಿ ಫೈಲನ್ನು ಕಾಪಿ ಮಾಡಿಕೊಳ್ಳಿ, ವಿಎಲ್‌ಸಿ ಅದನ್ನು ಹಾಗೇ ಓಡಿಸುತ್ತದೆ. ಎಂಪಿ4 ಬೇಕೆಂದರೆ ವಿಎಲ್‌ಸಿಯಲ್ಲೇ ‘ಕನ್ವರ್ಟ್’ ಇದೆ. ಚಿತ್ರ 352 ಗುಣಿಸು 288 ಚುಕ್ಕೆ ಅಷ್ಟೇ. ಈಗಿನ ಟಿವಿಯಲ್ಲಿ ಮಸುಕಾಗಿಯೇ ಕಾಣುತ್ತದೆ, ಅದಕ್ಕೆ ಮದ್ದಿಲ್ಲ.

ಈಗ ಎರಡನೇ ಕೆಲಸ, ನೋಡುವ ರೂಪಕ್ಕೆ ತರುವುದು. ಇದಕ್ಕೆ ಎರಡು ಸಾಫ್ಟ್‌ವೇರ್ ಹೇಳುತ್ತೇನೆ. ಗುಣಮಟ್ಟ ಕಿಂಚಿತ್ತೂ ಇಳಿಯಬಾರದು, ಗಾತ್ರ ದೊಡ್ಡದಾದರೂ ಪರವಾಗಿಲ್ಲ ಅನ್ನುವವರಿಗೆ ಮೇಕ್‌ಎಂಕೆವಿ. ಇದು ವಿಡಿಯೊವನ್ನು ಮುಟ್ಟುವುದಿಲ್ಲ, ತುಂಡುಗಳನ್ನು ಜೋಡಿಸಿ ಒಂದು ಎಂಕೆವಿ ಫೈಲಾಗಿ ಕೊಡುತ್ತದೆ. ಡಿವಿಡಿಗೆ ಪುಕ್ಕಟೆ. ಒಂದು ಕಡೆ ಮಾತ್ರ ಎಚ್ಚರ: ಎರಡು ನಿಮಿಷಕ್ಕಿಂತ ಚಿಕ್ಕ ಭಾಗಗಳನ್ನು ಇದು ತಾನಾಗಿ ಬಿಟ್ಟುಬಿಡುತ್ತದೆ. ಸ್ಟುಡಿಯೊದವರು ವಧೂವರರ ಫೋಟೊ ಜೋಡಿಸಿ ಮಾಡಿದ ಪುಟ್ಟ ತುಣುಕು ಹೀಗೆ ಕಳೆದುಹೋಗಬಹುದು. ಸೆಟ್ಟಿಂಗಿನಲ್ಲಿ 120 ಸೆಕೆಂಡ್ ಎಂದಿರುವುದನ್ನು 10ಕ್ಕೆ ಇಳಿಸಿ.

ಗಾತ್ರ ಕಡಿಮೆಯಾಗಬೇಕು, ಎಲ್ಲ ಟಿವಿ, ಮೊಬೈಲಿನಲ್ಲೂ ಓಡಬೇಕು ಅಂದರೆ ಹ್ಯಾಂಡ್‌ಬ್ರೇಕ್. 2003ರಿಂದ ನಡೆದುಬಂದಿರುವ ಪುಕ್ಕಟೆ ಸಾಫ್ಟ್‌ವೇರ್. ಇದರ ಅಧಿಕೃತ ಜಾಲತಾಣ ಡಾಟ್ ಎಫ್‌ಆರ್ ಎಂದು ಕೊನೆಯಾಗುತ್ತದೆ. ಬೇರೆ ಎಲ್ಲಿಂದಲೂ ಇಳಿಸಿಕೊಳ್ಳಬೇಡಿ. 2017ರ ಮೇ ತಿಂಗಳಲ್ಲಿ ಕೆಲವು ದಿನ ಇವರದೇ ಒಂದು ಡೌನ್‌ಲೋಡ್ ಸರ್ವರಿಗೆ ಕಳ್ಳರು ನುಗ್ಗಿ ಮ್ಯಾಕ್ ಆವೃತ್ತಿಯ ಜೊತೆ ಟ್ರೋಜನ್ ಸೇರಿಸಿದ್ದರು. ಅಸಲಿ ಜಾಗದಲ್ಲೇ ಹಾಗಾದರೆ ಕಂಡಕಂಡ ಜಾಲತಾಣಗಳ ಪಾಡೇನು?

ಹ್ಯಾಂಡ್‌ಬ್ರೇಕಿಗೆ ಐಎಸ್‌ಒ ಕೊಟ್ಟರೆ ಅದರೊಳಗಿನ ಭಾಗಗಳ ಪಟ್ಟಿ ತೋರಿಸುತ್ತದೆ. ಅತಿ ಉದ್ದದ್ದನ್ನು ಮಾತ್ರ ಆರಿಸಿ ಸುಮ್ಮನಾಗಬೇಡಿ, ಚಪ್ಪರ, ಧಾರೆ, ಆರತಕ್ಷತೆ ಬೇರೆ ಬೇರೆ ಭಾಗ ಆಗಿರಬಹುದು. ರೆಡಿ ಸೆಟ್ಟಿಂಗುಗಳಲ್ಲಿ ‘ಹೆಚ್‌ಕ್ಯೂ 576ಪಿ25’ ಆರಿಸಿ. ಕ್ವಾಲಿಟಿಯಲ್ಲಿ ಆರ್‌ಎಫ್ 18ರಿಂದ 20ರ ಒಳಗಿರಲಿ. ಸಂಖ್ಯೆ ಇಳಿದಷ್ಟೂ ಗುಣಮಟ್ಟ ಜಾಸ್ತಿ, ಗಾತ್ರವೂ ಜಾಸ್ತಿ. ಎರಡು ಗಂಟೆಯ ಡಿಸ್ಕು ಒಂದರಿಂದ ಎರಡು ಜಿಬಿಗೆ ಇಳಿಯುತ್ತದೆ. ವಿಡಿಯೊ ಕುಗ್ಗಿಸುವ ಪದ್ಧತಿಗಳಲ್ಲಿ ಎಚ್ 264 ಸಾಕು. ಎಚ್ 265ರಲ್ಲಿ ಇನ್ನೂ ಚಿಕ್ಕದಾಗುತ್ತದೆ ನಿಜ, ಹಳೇ ಟಿವಿಗಳು ಅದನ್ನು ಓಡಿಸುವುದಿಲ್ಲ.

ಇಲ್ಲಿ ಎಲ್ಲರೂ ಎಡವುವುದು ಡೀಇಂಟರ್‌ಲೇಸ್ ಅನ್ನುವ ಕಡೆ. ಆಗಿನ ಮದುವೆ ಕ್ಯಾಮೆರಾಗಳು ಒಂದು ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುತ್ತಿರಲಿಲ್ಲ. ಬೆಸ ಸಾಲುಗಳನ್ನು ಒಮ್ಮೆ, ಸಮ ಸಾಲುಗಳನ್ನು ಇನ್ನೊಮ್ಮೆ, ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರ ತೆಗೆಯುತ್ತಿದ್ದವು. ಹಳೇ ಡಬ್ಬಾ ಟಿವಿಗೆ ಅದು ಸರಿಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಎರಡು ಅರ್ಧಗಳನ್ನು ಹಾಗೇ ಸೇರಿಸಿದರೆ ಅಕ್ಷತೆ ಎರಚುವ ಕೈಗಳ ಅಂಚು ಬಾಚಣಿಗೆ ಹಲ್ಲಿನ ಥರ ಸೀಳಿಕೊಂಡು ಕಾಣುತ್ತದೆ. ಅದಕ್ಕೇ ‘ಫಿಲ್ಟರ್ಸ್’ ಪುಟದಲ್ಲಿ ಡೀಇಂಟರ್‌ಲೇಸ್ ಆನ್ ಇರಬೇಕು. ಅದರಲ್ಲೇ ‘ಬಾಬ್’ ಅನ್ನುವ ಆಯ್ಕೆ ಇದೆ. ಅದನ್ನು ಆರಿಸಿ ಫ್ರೇಮ್ ರೇಟನ್ನು 50 ಮಾಡಿದರೆ ಅರ್ಧ ಚಿತ್ರಗಳಲ್ಲಿ ಒಂದೂ ಬಿಟ್ಟುಹೋಗದೆ ಚಲನೆ ನುಣುಪಾಗಿ ಬರುತ್ತದೆ. ಪೂರ್ತಿ ಡಿಸ್ಕಿಗೆ ಮೊದಲು ಎರಡು ನಿಮಿಷದ ತುಣುಕು ಎರಡೂ ರೀತಿ ಮಾಡಿ ಟಿವಿಯಲ್ಲಿ ನೋಡಿ. ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಮೂರೂವರೆ ಸಾವಿರದ ಸಾಫ್ಟ್‌ವೇರಿಗೆ ವಾಪಸ್ ಬರುತ್ತೇನೆ. ‘ಅತ್ಯುತ್ತಮ 10 ಡಿವಿಡಿ ಸಾಫ್ಟ್‌ವೇರ್’ ಎಂಬ ಪಟ್ಟಿಗಳನ್ನು ಓದುವಾಗ ಆ ಪುಟ ಯಾರದ್ದೆಂದು ಒಮ್ಮೆ ಮೇಲೆ ಕಣ್ಣಾಡಿಸಿ. ಎಷ್ಟೋ ಸಲ ಮೊದಲ ಸ್ಥಾನದಲ್ಲಿರುವ ಸಾಫ್ಟ್‌ವೇರ್ ಮಾಡಿದವರದೇ ಆಗಿರುತ್ತದೆ. ‘ಫ್ರೀ ಟ್ರಯಲ್’ ಅಂದರೆ ಮೊದಲ ಕೆಲವು ನಿಮಿಷ ಮಾತ್ರ, ಇಲ್ಲವೇ ನಿಮ್ಮ ಮುಖದ ಮೇಲೆ ಅವರ ಹೆಸರು. ಬಹಳಷ್ಟು ಕನ್ವರ್ಟರುಗಳ ಹೊಟ್ಟೆಯೊಳಗೆ ಕೆಲಸ ಮಾಡುವುದು ಎಫ್‌ಎಫ್‌ಎಂಪೆಗ್ ಎಂಬ ಪುಕ್ಕಟೆ ಎಂಜಿನ್ನೇ. ಇನ್ನು ‘ಎಐ ಬಳಸಿ 4ಕೆ ಮಾಡುತ್ತೇವೆ’ ಅನ್ನುವುದು. ಲೆಕ್ಕ ಹಾಕಿ ನೋಡಿ: ಡಿವಿಡಿಯ ಚಿತ್ರ 720 ಗುಣಿಸು 576, 4ಕೆ ಚಿತ್ರ 3840 ಗುಣಿಸು 2160. ಸರಿಯಾಗಿ 20 ಪಟ್ಟು. ಅಂದರೆ ಪ್ರತಿ 20 ಚುಕ್ಕೆಯಲ್ಲಿ 19 ಚುಕ್ಕೆ ಕಂಪ್ಯೂಟರಿನ ಊಹೆ. ಅಜ್ಜಿಯ ಮುಖದ ಸುಕ್ಕೆಲ್ಲ ಮಾಯವಾಗಿ ಮೇಣದ ಗೊಂಬೆ ಆಗಿರುತ್ತದೆ. ಆಸೆಯಾದರೆ ಮಾಡಿ ನೋಡಿ, ಮೂಲವನ್ನು ಮಾತ್ರ ಅಳಿಸಬೇಡಿ.

ಹಳೇ ಹೆಸರುಗಳನ್ನೂ ಯಾರಾದರೂ ಹೇಳಿಯಾರು. ಡಿವಿಡಿ ಶ್ರಿಂಕ್ 2004ಕ್ಕೇ ನಿಂತಿತು. 8.5 ಜಿಬಿಯ ಡಿಸ್ಕನ್ನು ಹಿಂಡಿ 4.7 ಜಿಬಿಯ ಖಾಲಿ ಡಿಸ್ಕಿಗೆ ಹಿಡಿಸುವುದು ಅದರ ಕೆಲಸ. ಖಾಲಿ ಡಿಸ್ಕಿಗೇ ಬರೆಯದ ನಿಮಗೆ ಅದರ ಉಪಯೋಗವಿಲ್ಲ. ಡಿವಿಡಿ ಡಿಕ್ರಿಪ್ಟರ್ 2005ರಲ್ಲಿ ಮ್ಯಾಕ್ರೋವಿಷನ್ ಕಂಪನಿಯ ಒತ್ತಡಕ್ಕೆ ನಿಂತುಹೋಯಿತು. ಅದನ್ನು ಬರೆದವರೇ ಆಮೇಲೆ ಐಎಂಜಿಬರ್ನ್ ಮಾಡಿದ್ದು. ಈಗ ಈ ಹೆಸರುಗಳಲ್ಲಿ ಸಿಗುವ ಡೌನ್‌ಲೋಡುಗಳನ್ನು ಮುಟ್ಟದಿರುವುದೇ ಕ್ಷೇಮ.

ಕೊಂಡ ಸಿನಿಮಾ ಡಿವಿಡಿಗಳ ಕಥೆ ಬೇರೆ. ಅವುಗಳಲ್ಲಿ ಸಿಎಸ್‌ಎಸ್ ಎನ್ನುವ ಬೀಗ ಇರುವುದುಂಟು. 1999ರಲ್ಲಿ ಡಿಸಿಎಸ್‌ಎಸ್ ಎಂಬ ಪ್ರೋಗ್ರಾಂ ಅದನ್ನು ಒಡೆಯಿತು. ಅದರಲ್ಲಿ ಕೈಯಿದ್ದ ನಾರ್ವೆಯ ಹುಡುಗನ ಮೇಲೆ ಕೇಸು ನಡೆದು 2003ರಲ್ಲಿ ಬಿಡುಗಡೆಯಾಯಿತು. ತಾಂತ್ರಿಕವಾಗಿ ಅದು ಈಗ ಬೀಗವೇ ಅಲ್ಲ. ಕಾನೂನಿನ ಮಟ್ಟಿಗೆ ಬೀಗವೇ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಎನ್ನುವ ಕಲಂ ಸೇರಿಸಿದರು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ದಂಡ. ಅದೇ ಕಾಯ್ದೆಯ 52ನೇ ಕಲಂ ಸ್ವಂತ ಬಳಕೆಗೆ ನ್ಯಾಯವಾದ ಉಪಯೋಗವನ್ನು ಉಲ್ಲಂಘನೆಯಲ್ಲ ಅನ್ನುತ್ತದೆ. ನೀವು ಕೊಂಡದ್ದನ್ನು ನೀವೇ ನೋಡುವುದಕ್ಕೂ, ಪೆನ್‌ಡ್ರೈವಿಗೆ ಹಾಕಿ ಬೀದಿಗೆಲ್ಲ ಹಂಚುವುದಕ್ಕೂ ವ್ಯತ್ಯಾಸ ಅಲ್ಲಿದೆ. ನಿಮ್ಮ ಅಕ್ಕನ ಊರಿನಲ್ಲಿ ಇದು ಇನ್ನೂ ಬಿಗಿ. ಇಂಥ ಬೀಗ ಮುರಿಯುವುದನ್ನು ತಡೆಯುವ 1998ರ ಕಾಯ್ದೆ ಅಲ್ಲಿದೆ, ಮನೆಬಳಕೆಗೆ ಡಿವಿಡಿ ಕಾಪಿ ಮಾಡಿಕೊಡುವ ರಿಯಲ್‌ಡಿವಿಡಿ ಎಂಬ ಸಾಫ್ಟ್‌ವೇರಿನ ಮಾರಾಟವನ್ನು 2009ರಲ್ಲಿ ಕೋರ್ಟು ತಡೆಯಿತು. ಆದ್ದರಿಂದ ಸಿನಿಮಾಗಳನ್ನು ಅವರಿಗೆ ಕಳಿಸಲು ಹೋಗಬೇಡಿ.

ಒಟ್ಟಿನಲ್ಲಿ ಸಿನಿಮಾಗಳಿಗಾಗಿ ನಿಮ್ಮ ಭಾನುವಾರಗಳನ್ನು ಕಳೆಯುವುದು ನನಗಂತೂ ಸರಿ ಕಾಣುವುದಿಲ್ಲ. ಮೋಸರ್ ಬೇರ್ ಕಂಪನಿ 2007ರ ಹೊತ್ತಿಗೆ 34 ರೂಪಾಯಿಗೆ ಮಾರುತ್ತಿದ್ದಂಥ ಡಿವಿಡಿಗಳಾದರೆ ಆ ಚಿತ್ರಗಳಲ್ಲಿ ಎಷ್ಟೋ ಈಗ ಆನ್‌ಲೈನಿನಲ್ಲಿ ಇದಕ್ಕಿಂತ ಚೆನ್ನಾಗಿಯೇ ಸಿಗುತ್ತವೆ. ಎಲ್ಲೂ ಸಿಗದ್ದು ಯಾವುದೆಂದು ನೋಡಿ, ಆ ಡಿಸ್ಕನ್ನು ಜೋಪಾನ ಮಾಡಿ.

ಅಕ್ಕನಿಗೆ ಮದುವೆಯದ್ದನ್ನು ಡಿಸ್ಕಾಗಿ ಕಳಿಸಬೇಡಿ, ಫೈಲಾಗಿ ಕಳಿಸಿ. ನಮ್ಮ ಸ್ಟುಡಿಯೊಗಳು ಮಾಡಿದ್ದು ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿ, ಅಲ್ಲಿನ ಟಿವಿ, ಪ್ಲೇಯರುಗಳದ್ದು ಎನ್‌ಟಿಎಸ್‌ಸಿ. ಅಲ್ಲಿನ ಎಷ್ಟೋ ಪ್ಲೇಯರುಗಳು ನಮ್ಮ ಡಿಸ್ಕನ್ನು ತೋರಿಸುವುದಿಲ್ಲ. ಫೈಲಿಗೆ ಈ ರಗಳೆ ಇಲ್ಲ. ಎಂಪಿ4ಗಳನ್ನು ಗೂಗಲ್ ಡ್ರೈವಿಗೆ ಏರಿಸಿ ಲಿಂಕ್ ಕಳಿಸಿದರಾಯಿತು, ಪುಕ್ಕಟೆ ಸಿಗುವ 15 ಜಿಬಿಯಲ್ಲಿ ಹಿಡಿಸುತ್ತದೆ. ಐಎಸ್‌ಒಗಳನ್ನು ಎರಡು ಕಡೆ ಇಡಿ. ಒಂದು ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ಬೇರೆ ಮನೆಯಲ್ಲಿ. ಅಕ್ಕ ಊರಿಗೆ ಬಂದಾಗ ಅವರ ಕೈಗೂ ಒಂದು ಕೊಟ್ಟುಕಳಿಸಬಹುದು.

ಡ್ರೈವ್ ಮನೆಗೆ ಬಂದ ದಿನ ಅಕ್ಕನ ವಿಸಿಡಿಯಿಂದ ಶುರು ಮಾಡಿ. ಅದೇ ಹಳೆಯದು, ಅದರಲ್ಲಿ ದೋಷ ತಿದ್ದುವ ವ್ಯವಸ್ಥೆಯೂ ಕಡಿಮೆ. ಆಮೇಲೆ ನಿಮ್ಮ ಒಂದು ಮತ್ತು ಮೂರನೇ ಡಿವಿಡಿ. ಎರಡನೆಯದನ್ನು ಕೊನೆಗಿಡಿ, ಅಷ್ಟರೊಳಗೆ ಬೀಗರ ಮನೆಗೊಂದು ಫೋನು ಮಾಡಿರಿ.